ಮುಂದೆ ಗಾಜು, ಹಿಂದೆ ಇನ್ಸುಲೇಷನ್ ಟೇಪು

ಸಿಟ್ಟಿನಲ್ಲಿ ಬರೆಯುತ್ತಿದ್ದೇನೆ, ಸ್ವಲ್ಪ ಉದ್ದ ಆಗುತ್ತೆ. ಪುರುಸೊತ್ತಿಲ್ಲದವರು ಲೈಕ್ ಒತ್ತಿ ಮುಂದೆ ಹೋಗಿ.

ಹೊಸನಗರದಿಂದ ಅಕ್ಕನ ಮಗ ಕಂಪ್ಯೂಟರ್ ಹೊತ್ತುಕೊಂಡು ಶಿವಮೊಗ್ಗದ ನಮ್ಮನೆಗೆ ಬಂದ. ಬಸ್ಸಿನಲ್ಲಿ, ಬೆಡ್‌ಶೀಟ್ ಸುತ್ತಿ, ಕಾಲ ಸಂದಿಯಲ್ಲಿ ಇಟ್ಟುಕೊಂಡು. "ಚಿಕ್ಕಿ, ಆಟದ ಮಧ್ಯೆ ಫಟ್ ಅಂತ ಆಫ್ ಆಗುತ್ತೆ. ಬಟನ್ ಒತ್ತಿದ್ರೂ ಏಳಲ್ಲ. ಹಿಂದಿನ ಸ್ವಿಚ್ ಆಫ್ ಮಾಡಿ ಆನ್ ಮಾಡಿದ್ರೆ ಮಾತ್ರ ಬರುತ್ತೆ" ಅಂದ. ಜೋಡಿಸಿಕೊಟ್ಟ ಅಂಗಡಿಯವರನ್ನು ಕೇಳಿದ್ದಕ್ಕೆ, ಎಸ್‌ಎಂಪಿಎಸ್ (ಮನೆಯ ಕರೆಂಟನ್ನು ಕಂಪ್ಯೂಟರಿಗೆ ಬೇಕಾದ ಕಡಿಮೆ ವೋಲ್ಟಿಗೆ ಇಳಿಸಿಕೊಡುವ ಡಬ್ಬ) ಸಾಕಾಗ್ತಿಲ್ಲ, ದೊಡ್ಡದು ಹಾಕಿಸಿ ಅಂದರಂತೆ.

ಕ್ಯಾಬಿನೆಟ್ ಏನೋ ಭರ್ಜರಿಯಾಗಿದೆ. (ಅಕ್ಕ ಅದನ್ನು ಇವತ್ತಿಗೂ ಸಿಪಿಯು ಅನ್ನುತ್ತಾಳೆ. ಸಿಪಿಯು ಅಂದರೆ ಒಳಗಿನ ಒಂದು ಚಿಪ್ ಅಷ್ಟೇ, ನಾನು ತಿದ್ದೋದು ಬಿಟ್ಟಿದ್ದೇನೆ.) ಒಂದು ಬದಿ ಪೂರ್ತಿ ಗಾಜು. ಒಳಗೆ ಅಂಚಿನುದ್ದಕ್ಕೂ ನೀಲಿ ಎಲ್‌ಇಡಿ ಪಟ್ಟಿ, ಬಣ್ಣ ಬದಲಾಯಿಸುವ ಫ್ಯಾನುಗಳು. ಆನ್ ಮಾಡಿದರೆ ಗಣಪತಿ ಪೆಂಡಾಲು. ನಾನು ಗಾಜಿನ ಕಡೆ ನೋಡಲೇ ಇಲ್ಲ. ಸ್ಕ್ರೂಡ್ರೈವರ್ ತಗೊಂಡು ಇನ್ನೊಂದು ಬದಿಯ ತಗಡು ಬಿಚ್ಚಿದೆ. ಇಷ್ಟು ವರ್ಷ ಐಟಿಐನಲ್ಲಿ ಹುಡುಗರ ವೈರಿಂಗ್ ಬೋರ್ಡ್ ತಿರುಗಿಸಿ ತಿರುಗಿಸಿ ನೋಡಿ ಮಾರ್ಕ್ಸ್ ಹಾಕಿದವಳಿಗೆ ಮುಂದಿನ ಬದಿ ಕಾಣೋದೇ ಇಲ್ಲ.

ಅಲ್ಲಿ ಏನಿತ್ತು ಗೊತ್ತಾ? ಎಸ್‌ಎಂಪಿಎಸ್‌ನಿಂದ ಬರುವ ಹಳದಿ ವೈರಿನ ಸಿಪ್ಪೆಯನ್ನು ನಡುವೆ ಬ್ಲೇಡಿನಿಂದ ಕೆರೆದಿದ್ದಾರೆ. ಎಲ್‌ಇಡಿ ಪಟ್ಟಿಯ ವೈರನ್ನು ಅಲ್ಲಿಗೆ ತಂದು ತಿರುಚಿದ್ದಾರೆ. ಮೇಲೆ ಕರಿ ಟೇಪು. ಸೋಲ್ಡರ್ (ಬೆಸುಗೆ) ಇಲ್ಲ, ಜಾಯಿಂಟ್ ಮುಚ್ಚುವ ಪ್ಲಾಸ್ಟಿಕ್ ಸ್ಲೀವ್ ಇಲ್ಲ, ಕನೆಕ್ಟರ್ ಇಲ್ಲ. ಒಳಗಿನ ಬಿಸಿಗೆ ಟೇಪಿನ ಅಂಟು ಕರಗಿ ಜಾರಿದೆ. ಜಾರಿದ ಕಡೆ ತಾಮ್ರದ ಎಳೆಗಳು ಹೊರಗೆ ಇಣುಕುತ್ತಿವೆ, ತಗಡಿಗೆ ಕೂದಲೆಳೆಯಷ್ಟು ದೂರ. ಆಟ ಜೋರಾದಾಗ ಫ್ಯಾನೂ ಜೋರಾಗಿ ತಿರುಗುತ್ತೆ, ತಗಡು ಅದುರುತ್ತೆ, ಎಳೆ ಹೋಗಿ ತಗಡಿಗೆ ತಾಗುತ್ತೆ. ಕ್ಯಾಬಿನೆಟ್ಟಿನ ತಗಡು ಅಂದರೆ ಗ್ರೌಂಡ್, ಕರೆಂಟ್ ವಾಪಸ್ ಹೋಗುವ ದಾರಿ. ಹಳದಿ ವೈರ್ ಅಂದರೆ 12 ವೋಲ್ಟ್. ನೇರ ಶಾರ್ಟ್. ಎಸ್‌ಎಂಪಿಎಸ್ ಒಳಗಿರುವ ರಕ್ಷಣೆಯ ಸರ್ಕ್ಯೂಟ್ ತಕ್ಷಣ ಎಲ್ಲವನ್ನೂ ಆಫ್ ಮಾಡಿ ಕೂತುಬಿಡುತ್ತೆ.

ಇಡೀ ಕಂಪ್ಯೂಟರಿನಲ್ಲಿ ತನ್ನ ಕೆಲಸವನ್ನು ಸರಿಯಾಗಿ ಮಾಡಿದ್ದು ಆ ಎಸ್‌ಎಂಪಿಎಸ್ ಒಂದೇ. ಅದನ್ನೇ ಬದಲಾಯಿಸಿ ಅಂತ ಇವರ ಸಲಹೆ!

ಅಂಗಡಿಗೆ ಫೋನ್ ಮಾಡಿದೆ. "ಮೇಡಂ, ಮನೇಲಿ ಸರ್ ಇದ್ರೆ ಫೋನ್ ಕೊಡಿ, ಅವರಿಗೆ ಟೆಕ್ನಿಕಲ್ ಆಗಿ ಹೇಳ್ತೀನಿ." ನಮ್ಮನೆ ಸರ್‌ಗೆ ಫ್ಯೂಸ್ ಹಾಕೋಕೂ ಬರಲ್ಲ, ಅದು ನಿಮಗೆಲ್ಲ ಗೊತ್ತೇ ಇದೆ. ನಾನೇ ಮಾತಾಡ್ತೀನಿ ಹೇಳಪ್ಪ ಅಂದೆ. "ಎಲ್ಲರೂ ಹೀಗೇ ಹಾಕೋದು ಮೇಡಂ, ಪೆಂಡಾಲ್ ಲೈಟಿಂಗೂ ಹೀಗೇ ಮಾಡ್ತಾರೆ, ಏನೂ ಆಗಲ್ಲ."

ಇದಕ್ಕೇ ನನಗೆ ಪಿತ್ತ ನೆತ್ತಿಗೇರಿದ್ದು. ಸಾಗರದ ಮಾರಿಕಾಂಬಾ ಜಾತ್ರೆ ಬರೋದು ಮೂರು ವರ್ಷಕ್ಕೊಮ್ಮೆ. ಜಾತ್ರೆ ಮುಗಿದ ಮೇಲೆ ಸೀರಿಯಲ್ ಸೆಟ್ ಬಿಚ್ಚಿ ಮೂಟೆ ಕಟ್ಟುತ್ತಾರೆ. ಹುಡುಗನ ಕಂಪ್ಯೂಟರ್ ಹಾಗಲ್ಲ ಮಾರಾಯ. ಐದಾರು ವರ್ಷ ಅದೇ ಮೂಲೆಯಲ್ಲಿ ಕೂತಿರುತ್ತೆ. ಅದೂ ಹೊಸನಗರದ ಮಳೆಗಾಲದಲ್ಲಿ. ಒಗೆದ ಬಟ್ಟೆ ನಾಲ್ಕು ದಿನ ಒಣಗದ ಊರಿನಲ್ಲಿ ಬರಿ ತಾಮ್ರವನ್ನು ತಿರುಚಿ ಬಿಟ್ಟರೆ ಏನಾಗುತ್ತೆ? ಕಪ್ಪಾಗುತ್ತೆ, ಹಿಡಿತ ಸಡಿಲವಾಗುತ್ತೆ, ಜಾಯಿಂಟ್ ಬಿಸಿಯಾಗುತ್ತೆ. ಮೇಲಿಂದ ಇರುವೆ, ಬೆಚ್ಚಗಿದೆ ಅಂತ ಒಳಗೆ ಸೇರುವ ಹಲ್ಲಿ. ಮಲೆನಾಡಿನಲ್ಲಿ ಕ್ಯಾಬಿನೆಟ್ ಬಿಚ್ಚಿದವರಿಗೆ ಈ ಸಂಸಾರದ ಪರಿಚಯ ಇದ್ದೇ ಇರುತ್ತೆ.

ಸರಿಯಾಗಿ ಮಾಡೋದು ಕಷ್ಟವಾ ಅಂದರೆ, ಅದೂ ಅಲ್ಲ. ಎಸ್‌ಎಂಪಿಎಸ್‌ನಲ್ಲಿ ನಾಲ್ಕು ಪಿನ್ನಿನ ಮೋಲೆಕ್ಸ್ ಪ್ಲಗ್ ಒಂದಾದರೂ ಸುಮ್ನೆ ನೇತಾಡುತ್ತಿರುತ್ತೆ. ಹಳದಿ 12 ವೋಲ್ಟ್, ಕೆಂಪು 5 ವೋಲ್ಟ್, ನಡುವಿನ ಎರಡು ಕಪ್ಪು ಗ್ರೌಂಡ್. ಅದಕ್ಕೆ ಜೋಡಿ ಕನೆಕ್ಟರ್ ಅಂಗಡಿಯಲ್ಲೇ ಸಿಗುತ್ತೆ. ಎರಡು ವೈರಿಗೆ ಸೋಲ್ಡರ್ ಹಾಕಿ, ಹೀಟ್ ಶ್ರಿಂಕ್ ಸ್ಲೀವ್ ಏರಿಸಿ ಬಿಸಿ ಮಾಡಿದರೆ ಕುಗ್ಗಿ ಗಟ್ಟಿಯಾಗಿ ಕಚ್ಚಿಕೊಳ್ಳುತ್ತೆ. ಎಳೆದರೂ ಬರಲ್ಲ. ಎಸ್‌ಎಂಪಿಎಸ್‌ನ ವೈರ್ ಕೆರೆಯುವ ಮಾತೇ ಬೇಡ. ಆ ಸ್ಲೀವಿನ ದುಡ್ಡು ಉಳಿಸಿ ಯಾರು ಮನೆ ಕಟ್ಟಿಸಿದರೋ ಗೊತ್ತಿಲ್ಲ.

ಇದು ಬರಿ ನೀಲಿ ಪಟ್ಟಿಯ ಕಥೆ. ಬಣ್ಣ ಬದಲಾಯಿಸುವ ಪಟ್ಟಿಯಲ್ಲಿ ಇನ್ನೊಂದು ಎಡವಟ್ಟು. ಮದರ್‌ಬೋರ್ಡಿನಲ್ಲಿ, ಅಂದರೆ ಎಲ್ಲ ಭಾಗಗಳನ್ನೂ ಜೋಡಿಸುವ ಮುಖ್ಯ ಬೋರ್ಡಿನಲ್ಲಿ, ಲೈಟಿಗೆ ಎರಡು ಥರದ ಜಾಗ ಇರುತ್ತೆ. ನಾಲ್ಕು ಪಿನ್ನಿನದು 12 ವೋಲ್ಟ್, ಆರ್‌ಜಿಬಿ (ಕೆಂಪು, ಹಸಿರು, ನೀಲಿ). ಇಡೀ ಪಟ್ಟಿ ಒಂದೇ ಬಣ್ಣಕ್ಕೆ ತಿರುಗುತ್ತೆ. ಮೂರು ಪಿನ್ನಿನದು 5 ವೋಲ್ಟ್, ಎಆರ್‌ಜಿಬಿ, ಒಂದೊಂದು ದೀಪಕ್ಕೂ ಬೇರೆ ಬೇರೆ ಬಣ್ಣ ಕೊಡಬಹುದಾದದ್ದು. ಅದರಲ್ಲಿ ಒಂದೊಂದು ದೀಪದೊಳಗೂ ಒಂದು ಪುಟ್ಟ ಚಿಪ್. ಮೊದಲನೆಯದು ತನ್ನ ಬಣ್ಣದ ಮಾಹಿತಿ ಇಟ್ಟುಕೊಂಡು ಉಳಿದದ್ದನ್ನು ಎರಡನೆಯದಕ್ಕೆ ದಾಟಿಸುತ್ತೆ, ಅದು ಮೂರನೆಯದಕ್ಕೆ. ಬಣ್ಣಗಳು ಪಟ್ಟಿಯ ಮೇಲೆ ಓಡಿದ ಹಾಗೆ ಕಾಣೋದು ಇದರಿಂದಲೇ. ನಡುವೆ ಒಂದರ ಚಿಪ್ ಸತ್ತರೆ ಅದರಿಂದ ಮುಂದಿನವಕ್ಕೆ ಮಾಹಿತಿ ಹೋಗಲ್ಲ. ಈ 5 ವೋಲ್ಟಿನ ಪಟ್ಟಿಗೆ 12 ವೋಲ್ಟ್ ಕೊಟ್ಟರೆ ಚಿಪ್ಪುಗಳು ಸುಟ್ಟು ಹೋಗುತ್ತವೆ. ವೈರ್ ಕೆರೆದು ತಿರುಚುವ ಕೈಗೆ ಪಿನ್ ಎಣಿಸುವ ವ್ಯವಧಾನ ಎಲ್ಲಿಂದ ಬರಬೇಕು? ಎಷ್ಟು ಉದ್ದ ಹಾಕಬಹುದು ಅನ್ನೋ ಲೆಕ್ಕ ಅಂತೂ ದೂರದ ಮಾತು. ಇಂಥ ಒಂದು ದೀಪ ಪೂರ್ತಿ ಬಿಳಿಯಾಗಿ ಉರಿದರೆ ಸುಮಾರು 60 ಮಿಲಿಆಂಪ್ ಕರೆಂಟ್ ಎಳೆಯುತ್ತೆ. ಐವತ್ತು ದೀಪಕ್ಕೆ 3 ಆಂಪ್. ಬಹಳಷ್ಟು ಬೋರ್ಡುಗಳಲ್ಲಿ ಆ ಪಿನ್ನಿನ ಮಿತಿಯೇ ಅಷ್ಟು. ಬೋರ್ಡಿನ ಪುಸ್ತಕದಲ್ಲಿ ಬರೆದಿರುತ್ತೆ. ಪುಸ್ತಕ ಡಬ್ಬದಲ್ಲಿ ಪ್ಲಾಸ್ಟಿಕ್ ಸಹಿತ ಹಾಗೇ ಇರುತ್ತೆ.

ಈಗ ಒಬ್ಬಿಬ್ಬರು ಕಾಮೆಂಟ್ ಹಾಕೋಕೆ ಕಾಯ್ತಿರುತ್ತೀರಿ: "ಕಂಪ್ಯೂಟರ್ ಒಳಗೆ ಲೈಟ್ ಯಾಕ್ರೀ ಬೇಕು? ಶೋಕಿ. ಲೈಟ್ ಹಾಕಿದ್ರೆ ಸ್ಪೀಡ್ ಬರುತ್ತಾ?" ಬರಲ್ಲ. ನಿಮ್ಮ ಮನೆ ಬಾಗಿಲಿಗೆ ತೋರಣ ಕಟ್ಟಿದರೆ ಬಾಗಿಲು ಬೇಗ ತೆರೆಯುತ್ತಾ? ಬೇರೆ ಮಾತಾಡಿ.

ಹೇಳಿಬಿಡ್ತೀನಿ, ನನ್ನ ಸ್ವಂತ ಕಂಪ್ಯೂಟರಿನಲ್ಲೂ ಲೈಟ್ ಇದೆ. ಯಾರಿಗೂ ಹೇಳಿರಲಿಲ್ಲ. ಐದು ನೀಲಿ ಎಲ್‌ಇಡಿ, ಒಂದೊಂದಕ್ಕೂ ಕರೆಂಟನ್ನು ಮಿತಿಯಲ್ಲಿಡುವ 470 ಓಮಿನ ರೆಸಿಸ್ಟರ್, ನಾನೇ ಕೂತು ಹಾಕಿದ್ದು. ಎಲ್ಲರೂ ಮಲಗಿದ ಮೇಲೆ ಟ್ಯೂಬ್‌ಲೈಟ್ ಆರಿಸಿ ಸುಮ್ನೆ ನೋಡ್ತಾ ಕೂರ್ತೀನಿ. ನಾನು ಓದುವಾಗ ಲ್ಯಾಬಿನಲ್ಲಿ ಕೆಂಪು, ಹಸಿರು, ಹಳದಿ ಎಲ್‌ಇಡಿ ಅಷ್ಟೇ ಇದ್ದವು. ನೀಲಿಯನ್ನು ಚೆನ್ನಾಗಿ ಉರಿಸೋದು ಅಷ್ಟು ಕಷ್ಟದ ಕೆಲಸ. ಅದನ್ನು ಸಾಧಿಸಿದ ವಿಜ್ಞಾನಿಗಳಾದ ಅಕಾಸಾಕಿ, ಅಮಾನೊ, ನಕಾಮುರಾ ಮೂವರಿಗೆ 2014ರಲ್ಲಿ ಭೌತಶಾಸ್ತ್ರದ ನೊಬೆಲ್ ಬಂತು. ಅಂಥ ದೀಪವನ್ನು ತಂದು ಅಂಟು ಬಿಟ್ಟ ಟೇಪಿಗೆ ನೇತು ಹಾಕಿದ್ದಾರಲ್ಲ, ಅದು ನನ್ನ ಹೊಟ್ಟೆ ಉರಿ. ಲೈಟ್ ಹಾಕಿದ್ದಕ್ಕಲ್ಲ.

ಇನ್ನು "ಎಷ್ಟೋ ಜನರದ್ದು ಹೀಗೇ ನಡೀತಿದೆ" ಅನ್ನೋರಿಗೆ: ಹೌದು, ನಡೀತಿದೆ. ನಿಮ್ಮದೂ ನಡೀತಿರಬಹುದು. ಯಾಕಂದರೆ ನೀವು ಹಿಂದಿನ ತಗಡು ಬಿಚ್ಚಿಲ್ಲ. ಮೇಲೆ ಥಳುಕು, ಒಳಗೆ ಹುಳುಕು ಅಂತ ನಮ್ಮ ಕಡೆ ಹೇಳೋದು ಸುಮ್ನೆ ಅಲ್ಲ. ಮುಂದಿನ ಸಲ ಕಂಪ್ಯೂಟರ್ ಜೋಡಿಸಿಕೊಂಡಾಗ ದುಡ್ಡು ಕೊಡುವ ಮುಂಚೆ ಹಿಂದಿನ ಬದಿ ಬಿಚ್ಚಿ ತೋರಿಸಿ ಅನ್ನಿ. ಕರಿ ಟೇಪು ಕಂಡರೆ ಮೆತ್ತಗೆ ಎಳೆಯಿರಿ. ಬಿಚ್ಚಲ್ಲ, ವಾರಂಟಿ ಹೋಗುತ್ತೆ ಅಂದರೆ, ಅವರಿಗೆ ಅಲ್ಲೇನಿದೆ ಅಂತ ಚೆನ್ನಾಗಿ ಗೊತ್ತಿದೆ ಅಂತ ಅರ್ಥ.

ಹುಡುಗನ ಜಾಯಿಂಟನ್ನು ಅವನ ಕೈಯಲ್ಲೇ ಮಾಡಿಸಿದೆ. ಮೊದಲ ಸೋಲ್ಡರ್ ಗುಂಡು ಗುಂಡಾಗಿ ಬಂತು, ಬಿಚ್ಚಿಸಿದೆ. ಮತ್ತೆ ಹಾಕಿದ. ಮತ್ತೆ ಬಿಚ್ಚಿಸಿದೆ. "ಚಿಕ್ಕಿ, ಸಾಕು ಬಿಡೇ, ಯಾರಿಗೆ ಕಾಣುತ್ತೆ" ಅಂದ. ನನಗೆ ಕಾಣುತ್ತಲ್ಲ ಅಂದೆ. ಆಮೇಲೆ ರಾತ್ರಿ ಹನ್ನೆರಡರವರೆಗೆ ಆಟ ಆಡಿದ, ಒಮ್ಮೆಯೂ ಆಫ್ ಆಗಲಿಲ್ಲ. ಹಳೆಯ ಎಸ್‌ಎಂಪಿಎಸ್ಸೇ.

ಅಂಗಡಿ ಯಾವುದು ಅಂತ ಇನ್‌ಬಾಕ್ಸಿಗೆ ಬರಬೇಡಿ, ಹೇಳಲ್ಲ. ಹೇಳಿದರೆ ಉಳಿದವರೆಲ್ಲ ಸಾಚಾ ಅಂದುಕೊಳ್ಳುತ್ತೀರಿ. ಸೋಲ್ಡರಿಂಗ್ ಐರನ್ ಬೇಕಾದರೆ ಕೇಳಿ, ನನ್ನ ಹತ್ತಿರ ಎರಡಿದೆ. ಒಂದು ಕೊಡ್ತೀನಿ. ವಾಪಸ್ ಕೊಡಬೇಕು, ಹೋದ ವರ್ಷ ಮಲ್ಟಿಮೀಟರ್ ತಗೊಂಡು ಹೋದವರು ಇದನ್ನು ಓದ್ತಿದ್ದೀರಿ ಅಂತ ನನಗೆ ಗೊತ್ತು.