ಕನ್ನಡಕ ಬದಲಿಸಿದರೂ ಸರಿಹೋಗದಿದ್ದರೆ ಪಕ್ಕದ ನೋಟ ಪರೀಕ್ಷೆ ಮಾಡಿಸಿ

ನಮ್ಮ ಮಂಡ್ಯ ಕಡೆ ಕಣ್ಣು ಮಂಜಾಯಿತು ಅಂದರೆ ಎರಡೇ ಮಾತು. ಪೊರೆ ಬಂದಿರಬೇಕು, ಇಲ್ಲಾ ಪಾಯಿಂಟ್ ಜಾಸ್ತಿ ಆಗಿರಬೇಕು. ಹೆಚ್ಚಿನವರ ವಿಷಯದಲ್ಲಿ ಅದು ಸರಿಯೇ. ಆದರೆ ಕಣ್ಣು ಚೆನ್ನಾಗಿದ್ದೂ ನೋಟ ಹೋಗುವ ಕಾಯಿಲೆ ಇದೆ.

ಮೂಗಿನ ಹಿಂದೆ, ಮೆದುಳಿನ ತಳದಲ್ಲಿ ಕಡಲೆಕಾಳಿನಷ್ಟು ಪಿಟ್ಯುಟರಿ ಗ್ರಂಥಿ ಇದೆ. ಮುಟ್ಟೂ ಸೇರಿದಂತೆ ಮೈಯ ಹಲವು ಹಾರ್ಮೋನ್ ಕೆಲಸಗಳನ್ನು ನಡೆಸುವುದು ಇದೇ. ಅದರ ಮೇಲೆಯೇ ಎರಡೂ ಕಣ್ಣಿನ ನರಗಳು ಕೂಡುತ್ತವೆ. ಹೊರಬದಿಯ ನೋಟ ತರುವ ಎಳೆಗಳು ಅಲ್ಲಿ ಅಡ್ಡ ದಾಟುತ್ತವೆ. ಗ್ರಂಥಿಯಲ್ಲಿ ಗೆಡ್ಡೆ ಬೆಳೆದು ಮೇಲಕ್ಕೆ ಒತ್ತಿದರೆ ಸಾಮಾನ್ಯವಾಗಿ ಮೊದಲು ಪೆಟ್ಟು ಬೀಳುವುದು ಈ ಎಳೆಗಳಿಗೇ. ಎರಡೂ ಪಕ್ಕ ಮಸುಕು, ನಡುವೆ ಮಾತ್ರ ಸ್ಪಷ್ಟ. ಅಂಥವರು ಗೋಡೆಯ ಮೇಲಿನ ಅಕ್ಷರಗಳನ್ನು ಕೊನೆಯ ಸಾಲಿನ ತನಕ ಓದಿಬಿಡಬಹುದು. 6/6, ಅಂದರೆ ನೋಟ ಸರಿಯಾಗಿದೆ, ಅಂತ ಬರೆದು ಕಳಿಸುತ್ತಾರೆ.

ನಮ್ಮ ಚಿಕ್ಕಮ್ಮನಿಗೆ ಆಗಿದ್ದು ಇದೇ. ಬಾಗಿಲಿಗೆ ಭುಜ ತಾಗಿಸಿಕೊಳ್ಳುತ್ತಿದ್ದರು. ಪಕ್ಕದಿಂದ ಬರುವ ಕಬ್ಬಿನ ಟ್ರ್ಯಾಕ್ಟರ್ ಕೂಡ ಕಾಣುತ್ತಿರಲಿಲ್ಲ. ಗಮನ ಎಲ್ಲಿರುತ್ತೆ ಅಂತ ಬೈಸಿಕೊಂಡರು. ಕನ್ನಡಕ ಬದಲಾಯಿತು, ಮತ್ತೆ ಬದಲಾಯಿತು. ತಲೆನೋವಿಗೆ ಮಾತ್ರೆ. ನಲವತ್ತರ ಆಸುಪಾಸಿನಲ್ಲೇ ಮುಟ್ಟು ನಿಂತಿದ್ದಕ್ಕೆ ವಯಸ್ಸಿನ ಕಾರಣ. ಈ ಮೂರನ್ನೂ ಒಟ್ಟಿಗೆ ಇಟ್ಟು ನೋಡಿದವರು ಮೈಸೂರಿನ ಒಬ್ಬ ಕಣ್ಣಿನ ಡಾಕ್ಟರು. ಒಂದು ಕಣ್ಣು ಮುಚ್ಚಿಸಿ, ನನ್ನ ಮೂಗನ್ನೇ ನೋಡಿ ಅಂದು, ಪಕ್ಕದಿಂದ ಬೆರಳು ತಂದರು. ಬೆರಳು ನಡುವಿನ ತನಕ ಬರುವವರೆಗೂ ಚಿಕ್ಕಮ್ಮನಿಗೆ ಕಾಣಲಿಲ್ಲ. ಆಮೇಲೆ ಪಕ್ಕದ ನೋಟ ಎಲ್ಲಿಯ ತನಕ ಇದೆ ಅಂತ ಮಿಷನ್‌ನಲ್ಲಿ ಅಳೆಯುವ ಫೀಲ್ಡ್ ಟೆಸ್ಟ್, ಎಂಆರ್‌ಐ.

ಟ್ಯೂಮರ್ ಅಂದ ತಕ್ಷಣ ಮನೆಯಲ್ಲಿ ಅಳು. ಪಿಟ್ಯುಟರಿ ಗೆಡ್ಡೆಗಳಲ್ಲಿ ಬಹುಪಾಲು ಕ್ಯಾನ್ಸರ್ ಅಲ್ಲ, ಇದು ಎಲ್ಲರಿಗೂ ಗೊತ್ತಿರಬೇಕು. ಪ್ರೊಲ್ಯಾಕ್ಟಿನ್ ಹಾರ್ಮೋನ್ ಸುರಿಸುವ ಗೆಡ್ಡೆಯಾದರೆ ಹೆಚ್ಚಿನ ಸಲ ಕ್ಯಾಬರ್ಗೋಲಿನ್ ಮಾತ್ರೆಗೇ ಕುಗ್ಗುತ್ತದೆ. ಬೇರೆಯದಾಗಿ ನೋಟ ಕೆಡುತ್ತಿದ್ದರೆ ಸಾಮಾನ್ಯವಾಗಿ ಮೂಗಿನ ದಾರಿಯಲ್ಲೇ ಆಪರೇಷನ್. ಚಿಕ್ಕಮ್ಮನಿಗೆ ಬೆಂಗಳೂರಿನಲ್ಲಿ ಹಾಗೇ ಮಾಡಿದರು. ನೋಟ ಬಹಳಷ್ಟು ಮರಳಿತು, ಎಡಗಣ್ಣಿನ ಹೊರಬದಿ ಮಾತ್ರ ಬರಲಿಲ್ಲ. ತುಂಬಾ ಕಾಲ ಒತ್ತಿಸಿಕೊಂಡ ನರ ಒಣಗಿಬಿಡುತ್ತದೆ. ಆಮೇಲೆ ಗೆಡ್ಡೆ ತೆಗೆದರೂ ಕಳೆದದ್ದು ಸಿಗುವುದಿಲ್ಲ. ನನಗೆ ಸಂಕಟ ಆಗುವುದು ಇಲ್ಲೇ.

ನಾನು ನೋಡಿದ ಕಣ್ಣಿನ ಶಿಬಿರಗಳಲ್ಲಿ ಪೊರೆ ನೋಡುತ್ತಾರೆ, ಕನ್ನಡಕ ಕೊಡುತ್ತಾರೆ. ಒಳ್ಳೆಯ ಕೆಲಸ. ಅದರ ಜೊತೆ ಈ ಬೆರಳಿನ ಪರೀಕ್ಷೆಯೂ ಸೇರಲಿ. ಮಿಷನ್ ಬೇಡ, ದುಡ್ಡು ಬೇಡ, ಎರಡು ನಿಮಿಷ ಸಾಕು ಅಲ್ವಾ? ಸಣ್ಣ ದೋಷ ಇದರಲ್ಲಿ ತಪ್ಪಿಸಿಕೊಳ್ಳಬಹುದು. ಅನುಮಾನ ಉಳಿದರೆ ಫೀಲ್ಡ್ ಟೆಸ್ಟ್ ಕೇಳಿ ಮಾಡಿಸಿಕೊಳ್ಳಿ.

ಇನ್ನೊಂದು ಮಾತು. ಇದ್ದಕ್ಕಿದ್ದಂತೆ ವಿಪರೀತ ತಲೆನೋವು, ವಾಂತಿ, ಜೊತೆಗೆ ನೋಟ ಕುಸಿದರೆ ಬೆಳಗಾಗಲಿ ಅಂತ ಕಾಯಬೇಡಿ. ಗೆಡ್ಡೆಯೊಳಗೆ ರಕ್ತಸ್ರಾವ ಆಗಿರಬಹುದು. ಮೈಸೂರಿನ ಕೆ.ಆರ್. ಆಸ್ಪತ್ರೆಯೋ ಮಂಡ್ಯದ ಮಿಮ್ಸೋ, ಹತ್ತಿರ ಯಾವುದಿದೆಯೋ ಅದರ ತುರ್ತು ವಿಭಾಗಕ್ಕೆ ಆಗಲೇ ಹೊರಡಿ.