ನಾಯಿಯನ್ನು ಆರಿಸಬೇಕಾದವರು ಅದರ ಚೈನ್ ಹಿಡಿಯುವವರು

ಇಂದು ಬೆಳಿಗ್ಗೆ ನಮ್ಮ ಬಡಾವಣೆಯ ಪಾರ್ಕಿನ ಬಳಿ, ಎಪ್ಪತ್ತು ದಾಟಿದ ರಾಯರೊಬ್ಬರನ್ನು ಅವರ ಲ್ಯಾಬ್ರಡಾರ್ ನಾಯಿಯೇ ಎಳೆದು ಕೆಡವಿತು. ಬೆಕ್ಕೊಂದು ಅಡ್ಡ ಓಡಿತು, ನಾಯಿ ನೆಗೆಯಿತು, ಚೈನನ್ನು ಅಂಗೈಗೆ ಸುತ್ತಿಕೊಂಡಿದ್ದ ರಾಯರು ಕಾಂಕ್ರೀಟಿನ ಮೇಲೆ ಬಿದ್ದರು. ಪುಣ್ಯಕ್ಕೆ ಮೂಳೆ ಮುರಿದಿಲ್ಲ. ನಾಯಿಯ ಮೇಲೆ ನನಗೆ ಕೋಪವಿಲ್ಲ, ಅದಿನ್ನೂ ವರ್ಷದ ಕೂಸು. ಕೋಪವಿರುವುದು ‘ಅಪ್ಪನಿಗೆ ಜೊತೆಯಾಗಲಿ’ ಎಂದು ಮರಿಯನ್ನು ತಂದುಕೊಟ್ಟು ವಿಮಾನ ಹತ್ತಿದ ಮಗನ ಮೇಲೆ. ನಿನಗೆ ಎಂಥ ನಾಯಿ ಬೇಕಪ್ಪಾ ಎಂದು ಅವನು ಒಂದು ಮಾತು ಕೇಳಿರಲಿಲ್ಲ.

ಮೈಸೂರಿನ ನಮ್ಮ ಬೀದಿಗಳಲ್ಲಿ ಇದನ್ನು ಮತ್ತೆ ಮತ್ತೆ ನೋಡುತ್ತಿದ್ದೇನೆ. ಲ್ಯಾಬ್ರಡಾರ್ ಸಾಧು ನಾಯಿ, ನಿಜ. ಆದರೆ ಒಂದು ವರ್ಷಕ್ಕೇ ಅದರ ಮೈ ಮೂವತ್ತು ಕಿಲೋ ಮುಟ್ಟಬಹುದು, ಬುದ್ಧಿ ಮಾತ್ರ ಇನ್ನೂ ಮರಿಯದೇ. ಹಸ್ಕಿ ಸೈಬೀರಿಯಾದ ಹಿಮದಲ್ಲಿ ಜಾರುಬಂಡಿ ಎಳೆಯಲು ಬೆಳೆಸಿದ ತಳಿ, ಎಳೆಯುವುದೇ ಅದರ ಸ್ವಭಾವ. ಬೀಗಲ್ ಮೊಲದ ವಾಸನೆ ಹಿಡಿದು ಓಡಲೆಂದೇ ಹುಟ್ಟಿದ್ದು. ನಮ್ಮ ನಾಡಿನದೇ ಆಗಲಿ ಎಂದರೆ ಮುಧೋಳವಿದೆ, 2005ರಲ್ಲಿ ಅಂಚೆ ಚೀಟಿಯ ಗೌರವ ಪಡೆದ ತಳಿ. ನನಗೂ ಅದರ ಬಗ್ಗೆ ಅಭಿಮಾನವಿದೆ. ಆದರೆ ಅದು ಬೇಟೆ ನಾಯಿ, ಕಣ್ಣಿಗೆ ಅಲುಗಾಡಿದ್ದನ್ನೆಲ್ಲ ಬೆನ್ನಟ್ಟುತ್ತದೆ. ಓಡಲು ಬಯಲಿಲ್ಲದ ಮನೆಗೆ, ಮಂಡಿನೋವಿನ ಯಜಮಾನನಿಗೆ ಅದು ತಕ್ಕದ್ದಲ್ಲ. ಪಗ್ ಚಿಕ್ಕದು, ಸರಿ, ಆದರೆ ಚಪ್ಪಟೆ ಮೂತಿಯಿಂದಾಗಿ ಏಪ್ರಿಲ್ ಬಿಸಿಲಿನಲ್ಲಿ ಉಸಿರಾಡಲು ಒದ್ದಾಡುತ್ತದೆ. ಅದನ್ನು ಎತ್ತಿಕೊಂಡು ವೈದ್ಯರ ಬಳಿ ಓಡುವವರು ಯಾರು?

‘ನಾಯಿ ಇದ್ದರೆ ಅಪ್ಪ ದಿನವೂ ನಡೆಯುತ್ತಾರೆ’ ಎನ್ನುತ್ತಾರೆ ಮಕ್ಕಳು. ನಡೆಯುತ್ತಾರೆ, ನಾಯಿಯೂ ಅವರ ಹೆಜ್ಜೆಗೆ ಹೆಜ್ಜೆ ಹಾಕುವಂತಿದ್ದರೆ. ‘ಮರಿಯಿಂದ ಸಾಕಿದರೆ ಮಾತ್ರ ಒಗ್ಗುತ್ತದೆ’ ಎಂಬ ಇನ್ನೊಂದು ಮಾತನ್ನಂತೂ ನಾನು ಒಪ್ಪುವುದೇ ಇಲ್ಲ. ನಮ್ಮ ಮನೆಯ ನಾಯಿ ಕರಿಯನನ್ನೇ ನೋಡಿ. ಬೀದಿಯಲ್ಲಿ ಬೆಳೆದು, ಪೂರ್ಣ ವಯಸ್ಸಿಗೆ ಬಂದ ಮೇಲೆ ನಮ್ಮ ಮನೆ ಸೇರಿದವನು. ಸಂತಾನಹರಣ ಚಿಕಿತ್ಸೆಯಾದ ಗುರುತಿಗೆ ಕಿವಿಯ ತುದಿ ಕತ್ತರಿಸಿದೆ. ನಾನು ಮೆಟ್ಟಿಲಿಳಿಯುವಾಗ ಕೆಳಗೆ ನಿಂತು ಕಾಯುತ್ತಾನೆ. ಇಷ್ಟು ಒಗ್ಗಿದ ನಾಯಿಯನ್ನು ನಾನು ಬೇರೆಲ್ಲೂ ಕಂಡಿಲ್ಲ.

ಮರಿಯ ಕೆಲಸ ಎಷ್ಟಿರುತ್ತದೆ ಎಂಬುದು ತಂದುಕೊಟ್ಟವರಿಗೆ ಗೊತ್ತಿರುವುದಿಲ್ಲ. ರಾತ್ರಿಯಲ್ಲೂ ಎದ್ದು ಹೊರಗೆ ಕರೆದೊಯ್ಯಬೇಕು, ನೆಲ ಒರೆಸಲು ಬಗ್ಗಬೇಕು. ರೇಬೀಸ್ ಲಸಿಕೆ ಮೂರು ತಿಂಗಳಾದ ಮೇಲೆಯೇ, ಅಷ್ಟರಲ್ಲಿ ಅದರ ಸೂಜಿಹಲ್ಲು ಕೈಯನ್ನೆಲ್ಲ ಗೀರಿರುತ್ತದೆ. ರಕ್ತ ತೆಳುವಾಗಿಸುವ ಮಾತ್ರೆ ತೆಗೆದುಕೊಳ್ಳುವ ಹಿರಿಯರಿಗೆ ಅದು ಸಣ್ಣ ಗಾಯವಲ್ಲ. ಬೆಳೆದ ನಾಯಿಯ ಗುಣ, ಗಾತ್ರ, ಹೆದರಿಕೆ ಎಲ್ಲವೂ ಮೊದಲೇ ಕಾಣುತ್ತವೆ. ನಮ್ಮ ನಾಟಿ ನಾಯಿಗೆ ಗಿಡ್ಡ ಕೂದಲು, ಈ ಹವೆಯೂ ಒಗ್ಗಿದೆ. ಆಶ್ರಯತಾಣಕ್ಕೆ ಹಿರಿಯರೇ ಹೋಗಿ ಅದರ ಪಕ್ಕ ಕೂರಲಿ, ತಾವೇ ಚೈನ್ ಹಿಡಿದು ನಾಲ್ಕು ಹೆಜ್ಜೆ ನಡೆಯಲಿ, ಒಂದು ಸ್ಟೀಲ್ ತಟ್ಟೆ ಬೀಳಿಸಿ ಬೆಚ್ಚುತ್ತದೆಯೇ ನೋಡಲಿ. ಮೈಮೇಲೆ ಹಾರುವ ನಾಯಿ ಎಷ್ಟೇ ಮುದ್ದಾಗಿರಲಿ, ಬೇಡ. ತೀರಾ ಚಿಕ್ಕದಾಗಿ ಕಾಲಿಗೆ ಅಡ್ಡ ಬರುವಂಥದ್ದೂ ಬೇಡ.

ಆಯುಷ್ಯದ ಲೆಕ್ಕವನ್ನೂ ಹಾಕಲೇಬೇಕು. ನಾಟಿ ನಾಯಿ ಹದಿನಾಲ್ಕು, ಹದಿನೈದು ವರ್ಷ ಬದುಕಬಹುದು. ಎಪ್ಪತ್ತೆರಡರಲ್ಲಿ ಮರಿ ತಂದರೆ ಎಂಬತ್ತಾರರಲ್ಲಿ ಮುದಿನಾಯಿಯನ್ನು ಎತ್ತಿ ಆರೈಕೆ ಮಾಡಬೇಕಾಗುತ್ತದೆ. ಆರೇಳು ವರ್ಷದ ನಾಯಿಯಾದರೆ ಇಬ್ಬರೂ ಜೊತೆಯಲ್ಲೇ ನಿಧಾನವಾಗುತ್ತಾರೆ. ಹಾಗಿದ್ದೂ, ನಾನು ಆಸ್ಪತ್ರೆ ಸೇರಿದರೆ ಕರಿಯನಿಗೆ ಅನ್ನ ಹಾಕುವವರು ಯಾರು, ನಾನೇ ಇಲ್ಲದಾದರೆ ಅವನು ಎಲ್ಲಿರಬೇಕು ಎಂಬುದನ್ನು ಕಾಗದದಲ್ಲಿ ಬರೆದಿಟ್ಟಿದ್ದೇನೆ. ತಂಗಿಯ ಮಗಳು ಒಪ್ಪಿ ಸಹಿ ಹಾಕಿದ್ದಾಳೆ. ಅವಳು ಒಪ್ಪುವವರೆಗೂ ನಾನು ಅವನನ್ನು ಮನೆಗೆ ಕರೆತಂದಿರಲಿಲ್ಲ.