ಸ್ವಲ್ಪ ಹಿಂದ ನೋಡೂಣ್ರಿ

ಆರು ವಾರ ಕೂತು ಹೊಲಿದ ಕೌದಿಯನ್ನು ಎರಡೂ ಕೈ ಎತ್ತಿ ಎಲ್ಲರ ಮುಂದೆ ಬಿಡಿಸಿ ಹಿಡಿದಿದ್ದೀರಿ ಅಂದುಕೊಳ್ಳಿ. ತೋಳು ನೋಯುತ್ತಿದೆ. ಮುಖ ಕೌದಿಯ ಹಿಂದೆ ಇರುವುದರಿಂದ ಯಾರ ಮುಖ ಹೇಗಾಯಿತು ಅಂತ ಕಾಣುವುದಿಲ್ಲ. "ಅಯ್ಯ, ಎಷ್ಟ ಚಂದ ಆಗೇದ್ರಿ!" ಅಂತ ಒಂದು ದನಿ ಬರುತ್ತದೆ. ಜೀವಕ್ಕೆ ಹಾಯೆನಿಸುತ್ತದೆ. ಅಷ್ಟರಲ್ಲಿ ಮೂಲೆಯ ಕುರ್ಚಿಯಿಂದ ಇನ್ನೊಂದು ದನಿ.

"ಸ್ವಲ್ಪ ಹಿಂದ ನೋಡೂಣ್ರಿ."

ಮುಗಿಯಿತು.

ಧಾರವಾಡದ ನಮ್ಮ ಓಣಿಯಲ್ಲಿ ಎರಡು ವರ್ಷದಿಂದ ಒಂದು ಕೌದಿ ಗುಂಪು ಇದೆ. ಅಧ್ಯಕ್ಷರಿಲ್ಲ, ಚಂದಾ ಇಲ್ಲ. ವಾಟ್ಸಾಪ್ ಗುಂಪು ಒಂದಿದೆ, ಅದರಲ್ಲಿ ಕೌದಿಗಿಂತ ಶುಭೋದಯದ ಗುಲಾಬಿಗಳೇ ಜಾಸ್ತಿ. ಎಂಟು-ಹತ್ತು ಹೆಂಗಸರು ತಿಂಗಳಿಗೆ ಎರಡು ಶನಿವಾರ ಒಬ್ಬೊಬ್ಬರ ಮನೆಯಲ್ಲಿ ಸೇರುತ್ತೇವೆ. ಹೊಲಿಯುತ್ತ ಹರಟುತ್ತೇವೆ, ಹರಟುತ್ತ ಹೊಲಿಯುವುದನ್ನು ಮರೆಯುತ್ತೇವೆ, ಗಿರ್ಮಿಟ್ ತಿನ್ನುತ್ತೇವೆ. ಕೊನೆಗೆ ಯಾರ ಕೆಲಸ ಎಲ್ಲಿಗೆ ಬಂತು ಅಂತ ಒಬ್ಬೊಬ್ಬರೇ ಎದ್ದು ತೋರಿಸಬೇಕು. ಅಲ್ಲಿಯವರೆಗೆ ಎಲ್ಲರೂ ಗೆಳತಿಯರೇ.

ಹಿಂದೆ ನೋಡುವವರು ನಮ್ಮ ಅಕ್ಕೋರು. ಹೈಸ್ಕೂಲಿನಲ್ಲಿ ಗಣಿತ ಕಲಿಸಿ ನಿವೃತ್ತರಾದವರು. ಉತ್ತರ ಸರಿ ಬಂದರೆ ಸಾಲದು, ಹೇಗೆ ಬಂತು ತೋರಿಸು ಅನ್ನುವ ಪೈಕಿ. ಕೌದಿಯ ಮುಂಭಾಗ ಅವರ ಲೆಕ್ಕದಲ್ಲಿ ಬರೀ ಉತ್ತರ, ಪಕ್ಕದವರದ್ದು ನೋಡಿಯೂ ಬರೆಯಬಹುದು. ಹೆಂಗಸಿನ ನಿಜವಾದ ಯೋಗ್ಯತೆ ಹಿಂಭಾಗದಲ್ಲಿದೆ. ಎಲ್ಲಿ ಗಂಟು ಹಾಕಿದಿರಿ, ಎಲ್ಲಿ ದಾರ ಸಾಲದೆ ಬೇರೆ ಬಣ್ಣ ಸೇರಿಸಿದಿರಿ, ಎಲ್ಲಿ ಬೇಸರ ಬಂತು, ಎಲ್ಲವೂ ಅಲ್ಲಿ ಬರೆದಿರುತ್ತದೆ.

ಅವರ ಪರ್ಸಿನಲ್ಲಿ ಆರು ಇಂಚಿನ ಸ್ಟೀಲ್ ಸ್ಕೇಲ್ ಇದೆ. ನಾನು ಉತ್ಪ್ರೇಕ್ಷೆ ಮಾಡುತ್ತಿಲ್ಲ. ಹಣೆಯ ಮೇಲಿದ್ದ ಕನ್ನಡಕ ಮೂಗಿಗೆ ಇಳಿಯುತ್ತದೆ. ಸ್ಕೇಲ್ ಹೊರಗೆ ಬರುತ್ತದೆ. ಆಮೇಲೆ ಎಣಿಕೆ, ಬಾಯಲ್ಲೇ, ಎಲ್ಲರಿಗೂ ಕೇಳುವ ಹಾಗೆ. "ಇಲ್ಲಿ ಇಂಚಿಗೆ ಐದ ಅದಾವ. ಇಲ್ಲಿ ಮೂರ ಅದಾವ. ಈ ಸಾಲು ಟಿವಿ ನೋಡ್ಕೋತ ಹೊಲದೀರೇನು?"

ಟಿವಿ ನೋಡುತ್ತಲೇ ಹೊಲಿದಿದ್ದೆ. ಸಿಟ್ಟು ಬರುವುದು ಅದಕ್ಕೇ. ಸುಳ್ಳು ಹೇಳಿದ್ದರೆ ಜಗಳವಾದರೂ ಆಡಬಹುದಿತ್ತು.

ಒಮ್ಮೆ ಒಬ್ಬರು ಯಲ್ಲಾಪುರದ ಕಡೆಯಿಂದ ಸಿದ್ದಿ ಹೆಂಗಸರು ಹೊಲಿದ ಕೌದಿ ತಂದಿದ್ದರು. ಅವರು ಮೂಲೆಯಿಂದ ಶುರು ಮಾಡಿ ಅಂಚು ಹಿಡಿದು ಸುತ್ತುತ್ತ ಸುತ್ತುತ್ತ ನಡುವಿಗೆ ಬಂದು ಮುಗಿಸುತ್ತಾರೆ. ಮೂಲೆಗಳಲ್ಲಿ ಮಡಿಚಿದ ಬಟ್ಟೆಯ ಪುಟ್ಟ ಹೂ ಇರುತ್ತದೆ, ಅದಕ್ಕೆ ಫೂಲ ಅನ್ನುತ್ತಾರೆ. ಅದಿಲ್ಲದ ಕೌದಿ ಬತ್ತಲೆ ಇದ್ದ ಹಾಗಂತೆ. ನಾವೆಲ್ಲ ಬಾಯಿ ಬಿಟ್ಟುಕೊಂಡು ಮುಂಭಾಗ ನೋಡುತ್ತಿದ್ದರೆ ಅಕ್ಕೋರು ಆಗಲೇ ಅದರ ಹಿಂದೆ ಹೋಗಿದ್ದರು. ಸುಮಾರು ಹೊತ್ತು ಏನೂ ಮಾತಿಲ್ಲ. ಆಮೇಲೆ ಹೊರಗೆ ಬಂದು ಕನ್ನಡಕ ಹಣೆಗೇರಿಸಿದರು. ತಪ್ಪು ಸಿಕ್ಕಿರಲಿಲ್ಲ. ಅವತ್ತು ಸಂಜೆಯೆಲ್ಲ ಮಂಕಾಗಿದ್ದರು, ಗಿರ್ಮಿಟ್ ಕೂಡ ಎರಡನೇ ಸಲ ಹಾಕಿಸಿಕೊಳ್ಳಲಿಲ್ಲ.

ಉಳಿದವರೂ ಏನು ಕಡಿಮೆ ಇಲ್ಲ. ಒಬ್ಬರು ಮೊಮ್ಮಗ ಹುಟ್ಟುವ ಮೊದಲೇ ಕೂಸಿನ ಕೌದಿ ಶುರು ಮಾಡಿದ್ದರು. ಹುಡುಗ ಈಗ ಎರಡನೇ ಇಯತ್ತೆ. ಪ್ರತಿ ಸಲ ಮುಗಿಯಿತು ಅನ್ನುವಾಗ ಅವನು ಇನ್ನೆರಡು ಇಂಚು ಬೆಳೆದಿರುತ್ತಾನೆ, ಇವರು ಇನ್ನೊಂದು ಸುತ್ತು ಅಂಚು ಕೂಡಿಸುತ್ತಾರೆ. ಹಾಸಿಗೆ ಇದ್ದಷ್ಟು ಕಾಲು ಚಾಚು ಅಂತ ಆ ಹುಡುಗನಿಗೆ ಯಾರೂ ಹೇಳಿಲ್ಲ. ಇನ್ನೊಬ್ಬರು ಅಂಗಡಿಯಿಂದ ಹೊಸ ಬಟ್ಟೆ ತಂದು, ಮೀಟರುಗಟ್ಟಲೆ ಕತ್ತರಿಸಿ ಚೂರು ಮಾಡಿ, ಅದೇ ಚೂರುಗಳನ್ನು ಮತ್ತೆ ಕೂಡಿಸಿ ಹೊಲಿಯುತ್ತಾರೆ. ನೋಡಲು ಬಹಳ ಚಂದ. ಆದರೆ ಅವರ ಅತ್ತೆ ಒಂದು ಸಲ ಬಾಗಿಲಲ್ಲಿ ನಿಂತು, "ಛಲೋ ಇದ್ದದ್ದನ್ನ ಯಾಕ ಹರದ್ಲು?" ಅಂತ ನಮ್ಮನ್ನು ಕೇಳಿದಾಗ ಯಾರಿಗೂ ಉತ್ತರ ಹೊಳೆಯಲಿಲ್ಲ.

ಮತ್ತೊಬ್ಬರು ಅಮೆರಿಕದಲ್ಲಿರುವ ಮಗಳಿಗೆ ಹೊಲಿದರು. ಅವಳ ಶಾಲೆಯ ಯೂನಿಫಾರ್ಮು, ಕಾಲೇಜಿನ ಚೂಡಿದಾರದ ಓಢಣಿ, ಮೊದಲ ಸಲ ಉಟ್ಟ ಸೀರೆ, ಎಲ್ಲ ಅದರಲ್ಲಿತ್ತು. ಸೂಟ್‌ಕೇಸಿಗೆ 23 ಕೆಜಿ ಮಿತಿ. ವಿಮಾನ ನಿಲ್ದಾಣದಲ್ಲಿ ತೂಕ ಜಾಸ್ತಿ ಬಂತು. ನೆಲದ ಮೇಲೆ ಸೂಟ್‌ಕೇಸ್ ಬಿಚ್ಚಿ ಕೂತರು. ಶೇಂಗಾ ಚಟ್ನಿಯೋ ಕೌದಿಯೋ ಅನ್ನುವ ಪ್ರಶ್ನೆ. ಚಟ್ನಿ ಅಮೆರಿಕಕ್ಕೆ ಹೋಯಿತು, ಕೌದಿ ಧಾರವಾಡಕ್ಕೆ ಬಂತು. ಈಗ ಅವರೇ ಹೊದ್ದುಕೊಳ್ಳುತ್ತಾರೆ. ಅದನ್ನು ತೋರಿಸಿದ ದಿನ ಅಕ್ಕೋರು ರೂಢಿಯಂತೆ ಹಿಂದೆ ಹೋದರು, ಸ್ಕೇಲ್ ತೆಗೆದರು, ಏನೂ ಎಣಿಸದೆ ಹಾಗೇ ಪರ್ಸಿಗೆ ಹಾಕಿಕೊಂಡರು. ಅದಕ್ಕೇ ಅವರನ್ನು ಪೂರ್ತಿ ಬೈಯಲು ಆಗುವುದಿಲ್ಲ. ಪೂರ್ತಿ.

ನಮ್ಮಜ್ಜಿಗೆ ಇಂಥ ಪರೀಕ್ಷೆಗಳಿರಲಿಲ್ಲ. ಬೇಸಿಗೆಯಲ್ಲಿ ನಡುಮನೆಯಲ್ಲಿ ನವಲಗುಂದದ ಜಮಖಾನ ಹಾಸಿ, ಅದರ ಮೇಲೆ ಹಳೇ ಇಳಕಲ್ ಸೀರೆ ಬಿಡಿಸಿ, ಒಳಗೆ ಅಜ್ಜನ ಧೋತರ ಹರವಿ, ನಾಲ್ಕೂ ಮೂಲೆಗೆ ಕಲ್ಲು ಹೇರಿ ಕೂತಳೆಂದರೆ ಊಟಕ್ಕೆ ಕರೆದರೂ ಏಳುತ್ತಿರಲಿಲ್ಲ. ಸೀರೆಯ ಒಡಲು ಜಾಳಾಗಿದ್ದರೂ ತೋಪುತೆನಿ ಸೆರಗು ಗಟ್ಟಿ ಇರುತ್ತಿತ್ತು, ಅದನ್ನು ನಡುವೆ ಕೂಡಿಸುತ್ತಿದ್ದಳು. ಕೊನೆಯ ಮೂಲೆ ಮುಚ್ಚುವ ಮೊದಲು ಒಂದು ಚೂರು ರೊಟ್ಟಿ, ಒಂದು ಚೂರು ಬೆಲ್ಲ ಒಳಗಿಟ್ಟು ಹೊಲಿಯುತ್ತಿದ್ದಳು. ಕೌದಿ ಹಸಕೊಂಡಿರಬಾರದು ಅಂತ. ನಮಗೆ ಅದು ಬಹಳ ಸರಿ ಅನಿಸುತ್ತಿತ್ತು. ಆ ಜಮಖಾನದ ನವಿಲಿನ ಕುತ್ತಿಗೆಯಲ್ಲಿ ರೂಪಾಯಿ ಅಗಲದ ಒಂದು ತೂತಿತ್ತು. ರೊಟ್ಟಿ ಚೂರಿನ ವಾಸನೆಗೆ ಬಂದ ಇಲಿ ತಿಂದದ್ದು ಅಂತ ಅಜ್ಜಿ ಹೇಳಿದ್ದಳು. ಅದೂ ಸರಿ ಅನಿಸುತ್ತಿತ್ತು.

ಈಗ ಕಳೆದ ಶನಿವಾರಕ್ಕೆ ಬರುತ್ತೇನೆ. ಬರಲು ಮನಸ್ಸಿಲ್ಲ, ಆದರೂ.

ಸೇರಿದ್ದು ಹೊಸದಾಗಿ ಮನೆ ಕಟ್ಟಿಸಿದವರ ಹಾಲಿನಲ್ಲಿ. ದಿವಾನಿನ ಮೇಲೆ ಜೈಪುರದಿಂದ ತಂದ ಹೊದಿಕೆ, ಕೆನೆ ಬಣ್ಣದ್ದು. ಹಾಸಿಗೆಯ ಕೆಳಗೆ ನಾಲ್ಕೂ ಕಡೆ ಬಿಗಿಯಾಗಿ ಸಿಕ್ಕಿಸಿದ್ದರು, ಒಂದು ಸುಕ್ಕಿಲ್ಲ. ನನಗೆ ಅದರ ಮೇಲೇ ಜಾಗ ಸಿಕ್ಕಿತು. ಕೌದಿಯ ಕೊನೆಯ ಮೂಲೆ ಬಾಕಿ ಇತ್ತು. ಈ ಸಲ ಅಕ್ಕೋರ ಬಾಯಿ ಮುಚ್ಚಿಸಲೇಬೇಕು ಅಂತ ಉಸಿರು ಬಿಗಿಹಿಡಿದು ಒಂದೊಂದೇ ಹೊಲಿಗೆ ಹಾಕತೊಡಗಿದೆ. ಆಶ್ಚರ್ಯ, ಅವತ್ತು ಕೈ ನನ್ನ ಮಾತು ಕೇಳುತ್ತಿತ್ತು! ಬಟ್ಟೆ ಜಗ್ಗುತ್ತಿರಲಿಲ್ಲ, ಸರಿಯುತ್ತಿರಲಿಲ್ಲ. ಯಾರೋ ಕೆಳಗಿನಿಂದ ಹಿಡಿದುಕೊಂಡ ಹಾಗೆ ನೆಟ್ಟಗೆ ನಿಂತಿತ್ತು. ಕಲೆ ಅಂದರೆ ಇದೇ ಇರಬೇಕು, ಒಂದು ದಿನ ತಾನಾಗಿ ಬಂದು ಒಲಿಯುತ್ತದೆ ಅಂದುಕೊಂಡೆ. ಮೊದಲೇ ನಾಲ್ಕು ಪದರದ ಕೌದಿ. ಐದನೆಯದೊಂದು ಸೇರಿದರೆ ಬೆರಳಿಗೆ ಹೇಗೆ ಗೊತ್ತಾಗಬೇಕು?

ನನ್ನ ಸರದಿ ಬಂತು. ಗಿರ್ಮಿಟ್ ಪ್ಲೇಟು ಪಕ್ಕಕ್ಕಿಟ್ಟೆ, ದಿವಾನಿನ ಮೇಲೆಯೇ. ಎದ್ದು ನಿಂತೆ. ನಾಟಕದ ಪರದೆ ಎತ್ತುವವರ ಹಾಗೆ ಕೌದಿಯನ್ನು ಒಮ್ಮೆಲೇ ಮೇಲಕ್ಕೆ ಎತ್ತಿದೆ.

ದಿವಾನೂ ಎದ್ದಿತು.

ಎದ್ದದ್ದು ದಿವಾನಲ್ಲ, ಅದರ ಹೊದಿಕೆ ಅಂತ ಆಮೇಲೆ ತಿಳಿಯಿತು. ಎರಡು ಲೋಡು ಉರುಳಿ ಒಂದು ಮಗುವಿನ ಮೇಲೆ ಬಿದ್ದವು. ಪ್ಲೇಟು ಹಾರಿತು. ಚುರುಮುರಿ, ಈರುಳ್ಳಿ, ಹುಣಸೆಹುಳಿ, ಅರಿಶಿನದ ಒಗ್ಗರಣೆ ಎಲ್ಲ ಅಕ್ಕೋರ ತಲೆಯ ಮೇಲೆ ಅಕ್ಷತೆಯ ಹಾಗೆ ಸುರಿದವು. ಮನೆಯೊಡತಿ ಚಹಾದ ಟ್ರೇ ಹಿಡಿದು ಬಾಗಿಲಲ್ಲಿ ನಿಂತಿದ್ದರು. ಅವರ ಮುಖವನ್ನು ನಾನು ನೋಡಲಿಲ್ಲ. ಕೌದಿಯ ಹಿಂದೆ ಇರುವುದರ ಒಂದೇ ಅನುಕೂಲ ಅದು.

ಒಂದು ನಿಮಿಷ ಯಾರೂ ಉಸಿರಾಡಲಿಲ್ಲ. ಆಮೇಲೆ ಆ ದನಿ ಬಂತು.

"ಸ್ವಲ್ಪ ಹಿಂದ ನೋಡೂಣ್ರಿ."

ಕೂದಲಲ್ಲಿ ಚುರುಮುರಿ ಇಟ್ಟುಕೊಂಡೇ ಅಕ್ಕೋರು ಬಂದರು. ಕನ್ನಡಕ ಇಳಿಯಿತು. ಸ್ಕೇಲ್ ಬಂತು. ಕೌದಿಗೂ ಹೊದಿಕೆಗೂ ಸೇರಿ ಬಿದ್ದ ಸಾಲನ್ನು ಈ ತುದಿಯಿಂದ ಆ ತುದಿಗೆ ಎಣಿಸಿದರು. ಮತ್ತೊಮ್ಮೆ ಎಣಿಸಿದರು.

"ಹನ್ನೆರಡು ಹೊಲಿಗಿ. ಎಲ್ಲಾ ಒಂದ ಅಳತಿ. ಭಾಳ ಚಂದ ಬಂದಾವು."

ಎರಡು ವರ್ಷದಲ್ಲಿ ನನಗೆ ಸಿಕ್ಕ ಮೊದಲ ಹೊಗಳಿಕೆ. ಅದೂ ಬೇರೆಯವರ ಹೊದಿಕೆಯ ಮೇಲೆ. ಕತ್ತರಿ ತೆಗೆದುಕೊಂಡರೆ ಅಕ್ಕೋರು ಕೈ ಹಿಡಿದು, "ತಡೀರಿ, ಫೋಟೋ ತಗೋಳ್ಳಿ" ಅಂದರು. ಅವತ್ತು ವಾಟ್ಸಾಪ್ ಗುಂಪಿನಲ್ಲಿ ಗುಲಾಬಿಗೆ ಜಾಗವೇ ಇರಲಿಲ್ಲ. ಮನೆಯೊಡತಿ "ಇರ್ಲಿ ಬಿಡ್ರಿ, ಏನಾತೀಗ" ಅಂದರು. ಹಲ್ಲು ಕಾಣದ ಹಾಗೆ ಅಂದರು.

ರಾತ್ರಿ ಮನೆಯಲ್ಲಿ ಅದೇ ಮೂಲೆಯನ್ನು ಮತ್ತೆ ಹೊಲಿಯಲು ಕೂತೆ. ಇಂಚಿಗೆ ಮೂರು. ಬಿಚ್ಚಿದೆ. ಮತ್ತೆ ಮೂರು. ನಮ್ಮ ಹಾಸಿಗೆಯ ಚಾದರಕ್ಕೇ ಸೇರಿಸಿ ಹೊಲಿದು ನೋಡಲೇ ಅನ್ನುವ ಯೋಚನೆಯೂ ಬಂತು. ಗಂಡ ಅದರ ಮೇಲೆ ಮಲಗಿದ್ದರು, ಬಿಟ್ಟೆ. ತಲೆಕೆಟ್ಟು ಕಪಾಟಿನಿಂದ ಅಜ್ಜಿಯ ಕೌದಿ ತೆಗೆದೆ. ಅವಳು ಹೇಗೆ ಹೊಲಿಯುತ್ತಿದ್ದಳು ನೋಡೋಣ ಅಂತ. ಇಷ್ಟು ವರ್ಷ ಹೊದ್ದಿದ್ದೇನೆ, ಒಮ್ಮೆಯೂ ತಿರುಗಿಸಿ ನೋಡಿರಲಿಲ್ಲ. ಅಕ್ಕೋರ ಚಟ ನನಗೂ ಅಂಟಿತು ನೋಡಿ.

ಹಿಂಭಾಗದಲ್ಲಿ ಸಾಲುಗಳು ಅಲ್ಲಲ್ಲಿ ಓರೆಯಾಗಿದ್ದವು. ಒಂದು ಮೂಲೆಯಲ್ಲಿ ಬೆರಳಿಗೆ ಏನೋ ಗಡಸಾಗಿ ತಾಗಿತು. ರೊಟ್ಟಿ ಇರಬಹುದೇ ಅಂತ ದೀಪದ ಹತ್ತಿರ ಹಿಡಿದೆ. ದಪ್ಪ ದಾರದ ಒಂದು ತುಂಡು, ರೂಪಾಯಿ ಅಗಲದ್ದು. ಕೆಂಪು, ಹಳದಿ. ಸುತ್ತಲೂ ಕತ್ತರಿಯಿಂದ ನೀಟಾಗಿ ಕತ್ತರಿಸಿದ ಗುರುತು.

ನವಿಲಿನ ಕುತ್ತಿಗೆ.